ಪದ್ಮಿನಿ ರಾಯರ ಸಪ್ಲೈ ಶಾಸ್ತ್ರ

ಹಳೆಯ ಬಡಾವಣೆ ಅಂದಮೇಲೆ ಒಂದು ಗಣಪತಿ ಗುಡಿ, ಒಂದು ಕಾಂಡಿಮೆಂಟ್ಸ್ ಅಂಗಡಿ, ಜೊತೆಗೆ ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿ ಅದರೊಳಗೆ ಸೊಂಟದವರೆಗೆ ಇಳಿದಿರುವ ಒಬ್ಬ ರಿಟೈರ್ಡ್ ಯಜಮಾನರು ಇರಲೇಬೇಕು. ಕೆಲವು ಬೀದಿಗಳಲ್ಲಿ ಅವರದು ಅಂಬಾಸಿಡರ್, ಅಪರೂಪಕ್ಕೆ ಸ್ಟ್ಯಾಂಡರ್ಡ್ ಹೆರಾಲ್ಡ್. ನಮ್ಮ ಬೀದಿಯವರದು ಪ್ರೀಮಿಯರ್ ಪದ್ಮಿನಿ. ಹಾಗಾಗಿ ಅವರು ಪದ್ಮಿನಿ ರಾಯರು. ಈ ಹೆಸರು ರಾಯರಿಗೆ ಇಷ್ಟ, ಅವರ ಮನೆಯವರಿಗೆ ಕಷ್ಟ. ಪಾಪ, ಅವರ ಹೆಸರು ಪದ್ಮಿನಿ ಅಲ್ಲ.

ಕಾರು 1978ರದು. ಮುಂಬೈ ಕುರ್ಲಾದ ಕಾರ್ಖಾನೆಯ ಕೂಸು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಸರಿದಾಗ ರಾಯರು ರಾತ್ರಿ ಊಟ ಬಿಟ್ಟರೆಂದು ಬೀದಿ ನಂಬಿದೆ. ಮಧ್ಯಾಹ್ನ ನಾಮಕರಣದ ಊಟ ಹೆಚ್ಚಾಗಿತ್ತು ಅನ್ನುವುದು ಅವರ ಹೆಂಡತಿಯ ವಾದ.

2028ಕ್ಕೆ ಕಾರಿಗೆ ಐವತ್ತು ತುಂಬುತ್ತದೆ. ರಾಯರು ಕಾಯುತ್ತಿರುವುದು ಅದಕ್ಕೇ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಐವತ್ತು ದಾಟಿದ, ಮೂಲ ರೂಪ ಕೆಡದ ಗಾಡಿ ವಿಂಟೇಜ್ ಆಗುತ್ತದೆ. 20,000 ರೂಪಾಯಿ ಕಟ್ಟಿದರೆ ನಂಬರ್ ಪ್ಲೇಟಿನ ಮೇಲೆ ‘ವಿಎ’ ಅಂತ ಬರುತ್ತದೆ. ಆಮೇಲೆ ಮಾತ್ರ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕಷ್ಟೇ ರಸ್ತೆಗೆ ತರಬಹುದು. ರಾಯರು ಇದನ್ನು ಪೇಪರಿನಿಂದ ಗಟ್ಟಿಯಾಗಿ ಓದಿದಾಗ ಒಳಗಿನಿಂದ ಉತ್ತರ ಬಂತು: “ಈಗಲೂ ಅಷ್ಟಕ್ಕೇ ಅಲ್ವೇ ಹೋಗ್ತಿರೋದು?”

ಗಾಡಿ ನಿಂತರೆ ಕರೆಂಟು ನೋಡು, ಇಲ್ಲಾ ಪೆಟ್ರೋಲು ನೋಡು ಎನ್ನುತ್ತಾರೆ ಮೆಕ್ಯಾನಿಕ್ಕುಗಳು. ರಾಯರಿಗೆ ಕರೆಂಟಿನಲ್ಲಿ ಆಸಕ್ತಿಯಿಲ್ಲ. ಅದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಮಾತಿಗೆ ಜಾಗವಿಲ್ಲ. ಪೆಟ್ರೋಲಿನದು ಹಾಗಲ್ಲ. ಹಿಂದಿನ ಟ್ಯಾಂಕಿನಿಂದ ಹೊರಟು ಪೈಪು, ಫಿಲ್ಟರು, ಎಂಜಿನ್ ಮಗ್ಗುಲಿನ ಪಂಪು, ಕಾರ್ಬೋರೇಟರಿನ ಫ್ಲೋಟು, ಸೂಜಿ, ಜೆಟ್ಟು ಅಂತ ಅದರದೊಂದು ದೊಡ್ಡ ಯಾತ್ರೆ. ಎಲ್ಲಿ ಬೇಕಾದರೂ ತಡೆ ಬರಬಹುದು. ಪ್ರತಿ ತಡೆಗೂ ಒಂದು ಕಥೆಯಿದೆ, ಆ ಕಥೆ ರಾಯರಿಗೆ ಗೊತ್ತಿದೆ. ಆದ್ದರಿಂದ ಕಾರು ಕೆಮ್ಮಿದರೂ, ಕುಂಟಿದರೂ, ಒಮ್ಮೆ ಟೈರು ಪಂಕ್ಚರ್ ಆದಾಗಲೂ ಅವರು ಮೊದಲು ಹೇಳಿದ್ದು ಒಂದೇ: “ಸಪ್ಲೈ ಬರ್ತಿಲ್ಲ.”

ಬೆಳಗಿನ ಕಾಫಿಗೆ ಮುಂಚೆ ಅವರು ಡಿಪ್‌ಸ್ಟಿಕ್ ಮೂಸುತ್ತಾರೆ. ಪಂಪಿನೊಳಗಿನ ಡಯಾಫ್ರಾಮ್ ಹರಿದರೆ ಪೆಟ್ರೋಲು ಎಂಜಿನ್ ಆಯಿಲ್‌ಗೆ ಇಳಿಯುತ್ತದೆ, ವಾಸನೆಯಲ್ಲೇ ಗೊತ್ತಾಗುತ್ತದೆ. ಮಾತು ನಿಜವೇ. ಆದರೆ ಎರಡನೆಯ ಅಭಿಪ್ರಾಯಕ್ಕೆಂದು ಅದನ್ನು ಪೇಪರ್ ಹುಡುಗನ ಮೂಗಿಗೂ ಹಿಡಿಯುತ್ತಾರೆ. ನನಗೂ ಹಿಡಿದಿದ್ದಾರೆ. “ಏನೂ ಇಲ್ಲ ಸಾರ್” ಎಂದರೆ ಮುಖ ಬಾಡುತ್ತದೆ. “ಸ್ವಲ್ಪ ಇದೆ ಅನ್ಸುತ್ತೆ” ಎಂದರೆ ಕಾಫಿ ಸಿಗುತ್ತದೆ.

ಅವರ ಅಕ್ಕನ ಮಗ ಒಮ್ಮೆ, ಗುಜರಿಯಲ್ಲಿ ಹೊಸ ಕಾರುಗಳ ಎಲೆಕ್ಟ್ರಿಕ್ ಪಂಪು ಸಿಗುತ್ತೆ, ಒಂದು ಕೂರಿಸಿಬಿಡಿ ಮಾವ, ಅಂದ. ರಾಯರು ಅವನನ್ನು ನಿಲ್ಲಿಸಿಕೊಂಡು ಪಾಠ ಮಾಡಿದರು. ಎಂಪಿಎಫ್‌ಐ ಪಂಪು 40 ಪಿಎಸ್‌ಐ ಮೀರಿ ಒತ್ತುತ್ತದೆ, ಈ ಕಾರ್ಬೋರೇಟರಿಗೆ ಮೂರೋ ನಾಲ್ಕೋ ಸಾಕು. ಸೂಜಿ ತಡೆಯಲಾರದೆ ಪೆಟ್ರೋಲು ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿದರೆ ಕಾರಿನ ಜೊತೆ ನೀನೂ ಹೋಗ್ತೀಯ. ಅಕ್ಷರಶಃ ಸರಿ. ರಾಯರ ಶಾಸ್ತ್ರ ತಪ್ಪುವುದಿಲ್ಲ, ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಅದನ್ನು ಕಾರಿನ ಯಾವ ತುದಿಗೆ ಹಚ್ಚಬೇಕು ಅನ್ನುವಲ್ಲಿ ಮಾತ್ರ ತೊಡಕು. ರಾಯರು ಯಾವಾಗಲೂ ಮುಂದಿನಿಂದ ಶುರು ಮಾಡುತ್ತಾರೆ, ಏಕೆಂದರೆ ಬಾನೆಟ್ ಎತ್ತಿದರೆ ಜನ ಸೇರುತ್ತಾರೆ. ಡಿಕ್ಕಿ ಎತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ.

ಹೀಗಿರುವಾಗ ಎಥನಾಲ್ ಬಂತು. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ರಾಯರು ಇದನ್ನು ವೈಯಕ್ತಿಕವಾಗಿ ತೆಗೆದುಕೊಂಡರು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದ ತುಕ್ಕನ್ನೂ ಜಿಡ್ಡನ್ನೂ ಕದಡಿ ಫಿಲ್ಟರಿಗೆ ಕಟ್ಟುತ್ತದೆ, ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ಬೇರೆಯಾಗಿ ಅಡಿಗಿಳಿಯುತ್ತದೆ. ಇವೂ ನಿಜವೇ. ಜೆ.ಸಿ. ರೋಡಿಗೆ ಹೋಗಿ ಹೋಸು ಪೂರ್ತಿ ಬದಲಾಯಿಸಿದರು, ಹೊಸ ಫಿಲ್ಟರ್ ಹಾಕಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆದರೆ ಮಳೆಗಾಲದ ಗಾಳಿ ಟ್ಯಾಂಕಿಗೆ ಹೋಗಬಾರದೆಂದು ಹಾಲಿನ ಕವರೊಂದನ್ನು ತೊಳೆದು ಒಣಗಿಸಿ, ಟ್ಯಾಂಕಿನ ಬಾಯಿಗೆ ಹರವಿ, ಮೇಲೆ ಮುಚ್ಚಳ ಬಿಗಿದರು.

ಅಂದಿನಿಂದ ಕಾರು ಹತ್ತು ಹನ್ನೆರಡು ಕಿಲೋಮೀಟರಿಗೊಮ್ಮೆ ನಿಲ್ಲತೊಡಗಿತು.

ರಾಯರು ವಿಚಲಿತರಾಗಲಿಲ್ಲ, ಅವರ ಕಣ್ಣಿನಲ್ಲಿ ಒಂದು ಹೊಳಪು ಬಂತು. ವೇಪರ್ ಲಾಕ್! ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತವೆ. ಪಂಪೋ ಕಾದ ಎಂಜಿನ್ನಿಗೇ ಅಂಟಿಕೊಂಡಿದೆ. ದ್ರವ ಎಳೆಯಬೇಕಾದ ಪಂಪು ಬರೀ ಆವಿ ಎಳೆಯುತ್ತದೆ. ಮದ್ದು ಊರಿಗೆಲ್ಲ ಗೊತ್ತಿರುವುದೇ, ಪಂಪಿನ ಮೇಲೆ ಒದ್ದೆ ಬಟ್ಟೆ. ಹೆಂಡತಿಯ ಹಳೆಯ ಕಾಟನ್ ಸೀರೆ ಚೌಕ ಚೌಕವಾಗಿ ಡಿಕ್ಕಿ ಸೇರಿತು. ಕಾರು ನಿಂತಾಗ ಬಾನೆಟ್ ಎತ್ತಿ, ಬಟ್ಟೆ ಹೊದಿಸಿ, ಅರ್ಧ ಗಂಟೆ ಕಾದು ಕೀ ತಿರುಗಿಸಿದರೆ ಕಾರು ಹೊರಡುತ್ತಿತ್ತು! ಪ್ರತಿ ಸಲವೂ. ತನ್ನ ಸಿದ್ಧಾಂತಕ್ಕೆ ಇಷ್ಟು ಸಾಕ್ಷಿ ಸಿಕ್ಕ ವಿಜ್ಞಾನಿಗಳು ಕಡಿಮೆ.

ಅಸಲಿಗೆ ಆಗುತ್ತಿದ್ದದ್ದು ಇಷ್ಟೆ. ಪೆಟ್ರೋಲು ಖಾಲಿಯಾದಷ್ಟು ಗಾಳಿ ಟ್ಯಾಂಕಿಗೆ ಬರಬೇಕು. ಮುಚ್ಚಳದ ಸಣ್ಣ ತೂತು ಇರುವುದು ಅದಕ್ಕೆ. ಹಾಲಿನ ಕವರು ಅದನ್ನು ಮುಚ್ಚಿತ್ತು. ಒಳಗೆ ನಿರ್ವಾತ ಬೆಳೆದು ಪಂಪು ಎಳೆದರೂ ಪೆಟ್ರೋಲು ಬರುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲಿಂದಲೋ ಸಂದಿಯಲ್ಲಿ ಗಾಳಿ ನುಸುಳುತ್ತಿತ್ತು, ಕಾರು ಹೊರಡುತ್ತಿತ್ತು, ಕೀರ್ತಿ ಸೀರೆಗೆ ಸಲ್ಲುತ್ತಿತ್ತು. ಬಂಕಿನಲ್ಲಿ ಮುಚ್ಚಳ ತೆಗೆದಾಗ ‘ಉಸ್’ ಎನ್ನುವುದನ್ನು ರಾಯರೂ ಕೇಳಿದ್ದರು. “ಎಥನಾಲ್ ಗ್ಯಾಸು” ಎಂದು ಹುಡುಗನಿಗೆ ವಿವರಿಸಿ, ಕವರನ್ನು ಮತ್ತೆ ಹರವಿಸಿದ್ದರು.

ನಡುರಸ್ತೆಯ ಆ ಅರ್ಧ ಗಂಟೆಗಳನ್ನು ನೋಡಬೇಕಿತ್ತು. ಈಗಿನ ಕಾರು ನಿಂತರೆ ಅದರ ಯಜಮಾನ ಒಳಗೇ ಕೂತು ಫೋನ್ ಒತ್ತುತ್ತಾನೆ; ಬಾನೆಟ್ ಎತ್ತಿದರೂ ಕಾಣುವುದು ಕಪ್ಪು ಪ್ಲಾಸ್ಟಿಕ್ಕು, ಯಾರಿಗೂ ಅಭಿಪ್ರಾಯ ಹುಟ್ಟುವುದಿಲ್ಲ. ಪದ್ಮಿನಿ ನಿಂತರೆ ಆಟೊದವರು ಇಳಿದು ಬರುತ್ತಾರೆ. “ಕಾಯಿಲ್ ವೀಕ್ ಆಗಿದೆ ಸಾರ್.” ಹಾಲಿನ ಬೂತಿನವರು, “ಕಾರ್ಬೋರೇಟರಲ್ಲಿ ಕಚರಾ ಕೂತಿದೆ.” ವಾಕಿಂಗ್ ಹೊರಟ ಹಿರಿಯರೊಬ್ಬರು ತಮ್ಮ ಕಾಲದ ಫಿಯೆಟ್ಟಿನಿಂದ ಶುರುಮಾಡಿ ತಮ್ಮ ಟ್ರಾನ್ಸ್‌ಫರಿನವರೆಗೆ ಬರುತ್ತಾರೆ. ರಾಯರು ಎಲ್ಲರ ಮಾತನ್ನೂ ಕೇಳಿ, ಎಲ್ಲರನ್ನೂ ಖಂಡಿಸಿ, ಕೊನೆಯಲ್ಲಿ ಎಲ್ಲರ ಕೈಯಲ್ಲೂ ತಳ್ಳಿಸಿಕೊಳ್ಳುತ್ತಾರೆ.

ಗುಟ್ಟು ಬಯಲಾದದ್ದು ನಂದಿ ಬೆಟ್ಟದ ಏರಿನಲ್ಲಿ. ಅಲ್ಲಿ ನಿಂತದ್ದು ರಾಯರಿಗೆ ಸಂತೋಷವೇ. ಏರು, ಮೊದಲನೇ ಗೇರು, ಬಿಸಿಲು, ಎತ್ತರಕ್ಕೆ ಹೋದಂತೆ ಬೇಗ ಕುದಿಯುವ ಪೆಟ್ರೋಲು. ವೇಪರ್ ಲಾಕಿಗೆ ಇದಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿಲ್ಲ. ಆದರೆ ಚೌಕಗಳು ಮುಗಿದಿದ್ದವು. ಅವರ ಕಣ್ಣು ಹೆಂಡತಿ ಉಟ್ಟ ಸೀರೆಯ ಸೆರಗಿನ ಕಡೆ ಹೋದದ್ದನ್ನು ಆಕೆ ನೋಡಿದರು.

“ಅಲ್ರೀ, ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತೀವಿ, ಒಂದಾದ್ರೆ ಬರಲ್ಲ ಅಂತ. ಇದಕ್ಕೆ ಇನ್ನೊಂದು ತೂತು ಎಲ್ಲಿದೆ?”

ಉತ್ತರಕ್ಕೆ ಕಾಯದೆ ಹೋಗಿ ಮುಚ್ಚಳ ತಿರುಗಿಸಿದರು. ಉಸ್ ಅಂತು. ಹಾಲಿನ ಕವರು ಗುಂಡಿಯಾಗಿ ಒಳಕ್ಕೆ ಜಗ್ಗಿಕೊಂಡಿತ್ತು. ಕಿತ್ತು ಬಿಸಾಡಿದರು. ಕಾರು ಬೆಟ್ಟ ಹತ್ತಿತು.

ಬೀದಿಗೆ ಈ ವಿಷಯ ರಾಯರೇ ಹೇಳಿದರು, ಅವರ ರೀತಿಯಲ್ಲಿ. “ನಾನು ಲಾಕ್ ಅಂದಿದ್ದೆ, ಲಾಕೇ ಆಗಿತ್ತು. ವ್ಯಾಕ್ಯೂಮ್ ಲಾಕ್. ವೇಪರ್ ಲಾಕಿಗೆ ಅದು ಸ್ವಂತ ಅಣ್ಣ.”

ಮೊನ್ನೆ ಎದುರು ಮನೆಯ ಸಂಪಿನ ಮೋಟಾರು ಬರೀ ಗುಂಯ್‌ಗುಡುತ್ತಿತ್ತು, ನೀರು ಮೇಲೇರುತ್ತಿರಲಿಲ್ಲ. ಪ್ಲಂಬರ್ ಬಂದು ಮೋಟಾರು ಸುಟ್ಟಿದೆ, ಹೊಸದು ಹಾಕಿ ಎಂದು ಹೋಗಿದ್ದ. ರಾಯರು ಗೇಟಿನಾಚೆಯಿಂದ ಒಂದು ಗಳಿಗೆ ಕಿವಿಗೊಟ್ಟು, “ಫುಟ್ ವಾಲ್ವ್ ಕೂತಿಲ್ಲ, ಗಾಳಿ ತಗೊಂಡಿದೆ. ತೊಳೆದು ಹಾಕಿ, ಮೇಲಿಂದ ಒಂದು ಬಕೆಟ್ ನೀರು ಹೊಯ್ದು ಸ್ವಿಚ್ ಹಾಕಿ” ಎಂದರು. ಹಾಗೇ ಮಾಡಿದರು, ನೀರು ಏರಿತು.

ಎದುರು ಮನೆಯವರು ಸಂಕೋಚದಿಂದಲೇ ಕೇಳಿದರು. “ಸಾರ್, ನಿಂತಲ್ಲೇ ಹಿಡಿದುಬಿಟ್ರಿ. ಮತ್ತೆ ನಿಮ್ಮ ಕಾರು...?”

“ಇದು ನೀರು ಕಣ್ರೀ,” ರಾಯರು ಪಂಚೆ ಎತ್ತಿ ಕಟ್ಟುತ್ತ ಬಾನೆಟ್ ಕಡೆ ನಡೆದರು. “ಇದರಲ್ಲಿ ಯೋಚನೆ ಮಾಡೋಕೆ ಏನಿದೆ?”