ಅಟ್ಟಶಾಸ್ತ್ರ: ಹೊಟ್ಟು, ಮಟ್ಟೆ ಮತ್ತು ಮನುಷ್ಯನ ನೆತ್ತಿಯ ಕುರಿತು ಒಂದು ಸಪ್ರಮಾಣ ವಿಚಾರ

ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟರು. ತಾಳೆಗರಿಯಲ್ಲಿ ಅಡಗಿದ್ದ ಆ ಗ್ರಂಥವೇನೋ ಸಿಕ್ಕಿತು. ಅದರ ಸೋದರಶಾಸ್ತ್ರವಾದ ಅಟ್ಟಶಾಸ್ತ್ರ ಮಾತ್ರ ಇಂದಿಗೂ ಸಿಕ್ಕಿಲ್ಲ. ಕಾರಣ ಸರಳವಾದದ್ದು: ಅದನ್ನು ಯಾರೋ ಅಟ್ಟದ ಮೇಲೆ ಇಟ್ಟಿದ್ದಾರೆ, ಮತ್ತು ಅಟ್ಟದ ಮೇಲೆ ಇಟ್ಟದ್ದು ಬೇಕೆಂದಾಗ ಕೈಗೆ ಸಿಕ್ಕಿದ ಉದಾಹರಣೆ ಯಾವ ಮನೆಯಲ್ಲೂ ಇಲ್ಲ. ಮೂಲಗ್ರಂಥ ಇಳಿದು ಬರುವವರೆಗೆ ವಿದ್ವತ್ಪ್ರಪಂಚ ಕೈಕಟ್ಟಿ ಕೂರಬಾರದೆಂದು ಅದರ ಸಿದ್ಧಾಂತವನ್ನು ಇಲ್ಲಿ ಪುನಾರಚಿಸಲಾಗಿದೆ. ಸಿದ್ಧಾಂತ ಇಷ್ಟೇ: ಸೂರಿನಡಿ ಸುಖವಾಗಿರಬೇಕಾದರೆ ನೆತ್ತಿಗೂ ಸೂರ್ಯನಿಗೂ ನಡುವೆ ಅಲುಗಾಡದ ಗಾಳಿಯನ್ನು ಕಟ್ಟಿಹಾಕಬೇಕು, ಗಾಳಿಯನ್ನು ಕಟ್ಟುವ ಹಗ್ಗ ನಾರು, ಈ ವಿದ್ಯೆಯಲ್ಲಿ ಚಿತ್ರದುರ್ಗದ ಹೊಸದುರ್ಗ ಸೀಮೆ ಅಮೆರಿಕಕ್ಕಿಂತ ಮುಂದಿತ್ತು, ಕಾಂಕ್ರೀಟಿನ ಮೋಲ್ಡ್ ಹಾಕಿಸಿಕೊಂಡು ಹಿಂದೆ ಬಿತ್ತು.

ಮೊದಲು ಅಮೆರಿಕದ ಪದ್ಧತಿಯನ್ನು ನ್ಯಾಯವಾಗಿ ನಿರೂಪಿಸಬೇಕು. ಅಲ್ಲಿಯ ಮನೆಗಳಿಗೆ ಮರದ ಇಳಿಜಾರು ಮಾಡು, ಅದರಡಿಯಲ್ಲಿ ನೆಟ್ಟಗೆ ನಿಲ್ಲಲಾಗದ ಒಂದು ಅಟ್ಟ. ಮನೆ ಬಾಗಿಲಿಗೆ ಊದುಯಂತ್ರ ತಂದು ನಿಲ್ಲಿಸಿ, ಅದರ ಉದ್ದನೆಯ ಕೊಳವೆಯನ್ನು ಅಟ್ಟಕ್ಕೆ ಏರಿಸಿ, ಚೂರು ಮಾಡಿದ ಹಳೆ ಪೇಪರನ್ನೋ ಗಾಜಿನ ಎಳೆಯನ್ನೋ ಹಿಂಜಿದ ಅರಳೆಯಂತೆ ಊದಿ ತುಂಬುತ್ತಾರೆ. ಕಡು ಚಳಿಯ ರಾಜ್ಯಗಳಲ್ಲಿ ಈ ಹಾಸು ಒಂದಡಿಯನ್ನೂ ಮೀರುತ್ತದೆ. ಪೇಪರಿಗೆ ಬೆಂಕಿ ಹತ್ತದಿರಲೆಂದು ಬಿಳಿಗಾರದ ಜಾತಿಯ ಲವಣಗಳನ್ನು ಬೆರೆಸುತ್ತಾರೆ. ತೌಲನಿಕ ಅಧ್ಯಯನಕ್ಕೆ ಇಲ್ಲಿ ಹುಲುಸಾದ ಮೇವಿದೆ. ನಮ್ಮಲ್ಲಿ ಹಳೆ ಪೇಪರು ಅಟ್ಟದಿಂದ ಇಳಿದು ಗುಜರಿಗೆ ಹೋಗುತ್ತದೆ. ಅಲ್ಲಿ ಗುಜರಿಯಿಂದ ಹೊರಟು ಅಟ್ಟ ಏರುತ್ತದೆ. ನಮ್ಮಲ್ಲಿ ಅದಕ್ಕೆ ಕೆ.ಜಿ. ಲೆಕ್ಕದಲ್ಲಿ ದುಡ್ಡು ಎಣಿಸಿಕೊಳ್ಳುತ್ತೇವೆ. ಅಲ್ಲಿ ದುಡ್ಡು ಕೊಟ್ಟು ಮನೆ ತುಂಬಿಸಿಕೊಳ್ಳುತ್ತಾರೆ. ಓದಿದಾಗ ತಲೆ ಬಿಸಿ ಮಾಡುವ ಪತ್ರಿಕೆ ಓದದೆ ಮೇಲಿಟ್ಟರೆ ತಲೆ ತಂಪಾಗಿಡುತ್ತದೆಂಬ ಸತ್ಯ ಅವರಿಗೆ ಹೊಳೆದದ್ದು ಹೇಗೆಂಬುದು ಬೇರೆ ಸಂಶೋಧನೆಯ ವಿಷಯ.

ಇನ್ನು ಪ್ರಮಾಣಗಳು. ಶಬ್ದಪ್ರಮಾಣದಲ್ಲಿ ಮೊದಲನೆಯದು ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ. ಇದನ್ನು ರಾಜಕಾರಣಿಗಳು ತಮ್ಮ ಆತ್ಮಚರಿತ್ರೆಯ ಸಾರಾಂಶವೆಂದು ಬಳಸಿಕೊಂಡದ್ದರಿಂದ ಮೂಲಾರ್ಥ ಮರೆಯಾಗಿದೆ. ಕಣದಲ್ಲಿ ರೈತ ಮೊರ ಎತ್ತಿ ರಾಗಿ ತೂರುತ್ತಾನೆ. ಕಾಳು ಕಾಲ ಬಳಿ ಬೀಳುತ್ತದೆ, ಹೊಟ್ಟು ಹಾರಿಹೋಗುತ್ತದೆ. ಈವರೆಗಿನ ವಿದ್ವಾಂಸರೆಲ್ಲ ಕಾಳಿನ ಹಿಂದೆ ಹೋಗಿ ಮುದ್ದೆಯಲ್ಲಿ ಪರ್ಯವಸಾನ ಹೊಂದಿದರು. ಹೊಟ್ಟು ಎಲ್ಲಿ ಹೋಯಿತೆಂದು ಕೇಳಿದವರಿಲ್ಲ. ಹಗುರವಾದದ್ದನ್ನು ಗಾಳಿಗೆ ಕೊಟ್ಟರೆ ಅದು ಸಡಿಲವಾಗಿ, ಒಂದರ ಮೇಲೊಂದು ಒತ್ತದೆ, ನಡುವೆ ಗಾಳಿ ಹಿಡಿದುಕೊಂಡು ಕೂರುತ್ತದೆ. ಅಮೆರಿಕದ ಊದುಯಂತ್ರ ಮಾಡುವುದೂ ಇದನ್ನೇ, ಕರೆಂಟು ಸುಟ್ಟು. ಜೋಗಿಮಟ್ಟಿಯ ಗಾಳಿಯಿಂದ ಕರೆಂಟನ್ನೇ ಹುಟ್ಟಿಸುತ್ತಿರುವ ಚಿತ್ರದುರ್ಗದವರಿಗೆ, ಕರೆಂಟಿನಿಂದ ಗಾಳಿ ಹುಟ್ಟಿಸುವ ಈ ಪದ್ಧತಿ ತಲೆಕೆಳಗಾದ ನಾಗರಿಕತೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಎರಡನೆಯ ಶಬ್ದಪ್ರಮಾಣ ಇನ್ನೂ ಗಹನವಾದದ್ದು: ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.’ ವೈಯಾಕರಣರು ಇಲ್ಲಿಯ ‘ಅಟ್ಟ’ವನ್ನು ‘ಅಡು’ ಧಾತುವಿನ ರೂಪವೆಂದು ಬಗೆದು, ಅಡುಗೆ ಮುಗಿದ ಮೇಲೆ ಒಲೆ ಹೊತ್ತಿಕೊಂಡಿತು ಎಂದು ಅರ್ಥ ಹೇಳುತ್ತಾರೆ. ಪ್ರಸ್ತುತ ಪ್ರಬಂಧಕಾರನ ಪ್ರಕಾರ ಇದು ಲಿಪಿಕಾರನ ಪ್ರಮಾದ. ಬಿಟ್ಟುಹೋದ ‘ದ’ಕಾರವನ್ನು ಸೇರಿಸಿದರೆ ‘ಅಟ್ಟದ ಮೇಲೆ ಒಲೆ ಉರಿಯಿತು’ ಎಂಬ ಶುದ್ಧ ಪಾಠ ದೊರೆಯುತ್ತದೆ. ಏಪ್ರಿಲ್ ಮಧ್ಯಾಹ್ನ ಅಟ್ಟದ ಮೇಲೆ ಉರಿಯುವ ಒಲೆ ಯಾವುದೆಂದು ಹಿರಿಯೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪಾಂಡಿತ್ಯಕ್ಕಿಂತ ಪ್ರಾಮಾಣಿಕತೆ ದೊಡ್ಡದು. ವೈಯಾಕರಣರ ಪಾಠವೇ ಸರಿಯಾದರೂ ಸಿದ್ಧಾಂತಕ್ಕೆ ಲಾಭವೇ ಹೊರತು ನಷ್ಟವಿಲ್ಲ. ಕಾಂಕ್ರೀಟು ಹಗಲೆಲ್ಲ ನುಂಗಿದ ಬಿಸಿಲನ್ನು ಸೂರ್ಯ ಮುಳುಗಿದ ಮೇಲೆ ಒಳಗೆ ಕಕ್ಕುತ್ತದೆ. ಅಂದರೆ ಅಡುವವನು ಎದ್ದುಹೋಗಿದ್ದಾನೆ, ಒಲೆ ಈಗ ಉರಿಯುತ್ತಿದೆ, ಕೆಳಗೆ ಚಾಪೆಯ ಮೇಲಿರುವವರು ಹೊರಳಾಡುತ್ತ ಬೇಯುತ್ತಿದ್ದಾರೆ. ಮೋಲ್ಡ್ ಮನೆಯ ರಾತ್ರಿ ಹತ್ತು ಗಂಟೆಯನ್ನು ಇದಕ್ಕಿಂತ ಖಚಿತವಾಗಿ ವರ್ಣಿಸಿದ ವಾಕ್ಯ ಭೌತಶಾಸ್ತ್ರದ ಪಠ್ಯದಲ್ಲೂ ಇಲ್ಲ.

ಅನುಮಾನಪ್ರಮಾಣಕ್ಕೆ ಅಂಕಿಗಳು ಬೇಕು. ಶಾಖವನ್ನು ಹಾಯಿಸುವ ಗುಣ ಕಾಂಕ್ರೀಟಿಗೆ, ಮೀಟರು-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ, ಸುಮಾರು 1.5; ಸಡಿಲವಾಗಿ ತುಂಬಿದ ಪೇಪರ್ ಹೊಟ್ಟಿಗೆ ಸುಮಾರು 0.04; ನಿಶ್ಚಲವಾದ ಗಾಳಿಗೆ 0.026. ಭಾಗಿಸಿ ನೋಡಿದರೆ ನಾಲ್ಕು ಇಂಚಿನ ಮೋಲ್ಡ್ ತಡೆಯುವಷ್ಟು ಶಾಖವನ್ನು ಮೂರು ಮಿಲಿಮೀಟರಿಗೂ ತೆಳುವಾದ ಪೇಪರ್ ಹೊಟ್ಟು ತಡೆಯುತ್ತದೆ. ಸಿಮೆಂಟು, ಕಬ್ಬಿಣ, ಜಲ್ಲಿ, ಸೆಂಟ್ರಿಂಗು, ಬ್ಯಾಂಕಿನ ಸಾಲ, ಮೋಲ್ಡ್ ಹಾಕಿದ ದಿನದ ಊಟ, ಇವೆಲ್ಲ ಸೇರಿ ಬಿಸಿಲಿಗೆ ಒಡ್ಡಿದ ತಡೆ ಒಂದು ದಪ್ಪ ಲಗ್ನಪತ್ರಿಕೆಯಷ್ಟು. ಹಳೆಯ ಮಾಳಿಗೆ ಮನೆಯ ಲೆಕ್ಕ ಬೇರೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪುಕಡ್ಡಿ, ಅದರ ಮೇಲೆ ಅಡಿಯಷ್ಟು ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಸೋಡಿಯಂ ತುಂಬಿದ ಆ ಮಣ್ಣು ಮಳೆ ಬಿದ್ದೊಡನೆ ಕದಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಂಡು ನೀರನ್ನು ತಡೆಯುತ್ತದೆ. ಹೊಲದಲ್ಲಿ ಬೆಳೆಗೆ ಬಾರದ ಮಣ್ಣು ಮನೆಯ ಮೇಲೆ ಕೊಡೆಯಾಗುತ್ತದೆ. ಅಡಿ ದಪ್ಪದ ಮಣ್ಣಿನೊಳಗೆ ಮಧ್ಯಾಹ್ನದ ಬಿಸಿಲು ತಡಕಾಡುತ್ತ ಇಳಿದು ಬರುವಷ್ಟರಲ್ಲಿ ಅದರ ಸೊಕ್ಕು ಅರ್ಧಕ್ಕರ್ಧ ಮುರಿದು, ಹೊರಗೆ ತಂಗಾಳಿಯ ರಾತ್ರಿಯಾಗಿರುತ್ತದೆ.

ಪ್ರತ್ಯಕ್ಷಪ್ರಮಾಣವೇ ಈ ಪ್ರಬಂಧದ ತೊಲೆಗಂಬ. ಹೊಸದುರ್ಗ ತಾಲ್ಲೂಕು ತಿಪಟೂರು, ಅರಸೀಕೆರೆಗಳ ಹಾಗೆ ಉಂಡೆ ಕೊಬ್ಬರಿಯ ಸೀಮೆ. ಬಲಿತ ಕಾಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಬತ್ತುತ್ತದೆ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡುತ್ತದೆ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಇದನ್ನು ಕೃಷಿ ಎಂದು ಕರೆದದ್ದು ಇಲಾಖೆಗಳ ಅಲ್ಪದೃಷ್ಟಿ, ಇದು ವಾಸ್ತುವಿಜ್ಞಾನ. ಮಟ್ಟೆ ಎಂದರೆ ನಾರು, ನಾರಿನ ನಡುವೆ ಗಾಳಿ. ಸಂಶಯವಿದ್ದವರು ಸುಲಿಯದ ಕಾಯೊಂದನ್ನು ನೀರಿಗೆ ಬಿಟ್ಟು ನೋಡಬಹುದು. ಒಳಗಿರುವ ಗಾಳಿಯಿಂದಲೇ ಅದು ತೇಲುತ್ತದೆ. (ಇದೇ ತಾಲ್ಲೂಕಿನ ಹಾಲುರಾಮೇಶ್ವರದ ಗಂಗೆಯ ಕೊಳದಲ್ಲಿ ಬೇಡಿಕೊಂಡವರಿಗೆ ಪ್ರಸಾದ ತೇಲಿ ಬರುವ ವಿಚಾರ ಭಕ್ತಿಗೆ ಸೇರಿದ್ದು; ಈ ಪ್ರಯೋಗಕ್ಕೆ ದಯವಿಟ್ಟು ಮನೆಯ ತೊಟ್ಟಿಯನ್ನೇ ಬಳಸತಕ್ಕದ್ದು.) ಇದರ ಮೇಲೆ ಇನ್ನೊಂದು ಲಾಭ. ಅಟ್ಟದಲ್ಲಿ 10,000 ಕಾಯಿ, ಕಾಯಿಗೆ 100 ಮಿಲಿಲೀಟರ್ ನೀರು ಎಂದಿಟ್ಟುಕೊಂಡರೆ ಒಟ್ಟು 1,000 ಲೀಟರ್ ಬತ್ತಬೇಕು. ಲೀಟರಿಗೆ ಸುಮಾರು 2,400 ಕಿಲೋಜೂಲ್ ಶಾಖ ಬೇಕಾದ್ದರಿಂದ 24 ಲಕ್ಷ ಕಿಲೋಜೂಲ್, ಅಂದರೆ ಸುಮಾರು 670 ಯೂನಿಟ್ ಕರೆಂಟಿನಷ್ಟು ಬಿಸಿ, ಕೆಳಗಿನವರ ನೆತ್ತಿಗೆ ಇಳಿಯದೆ ಕೊಬ್ಬರಿಯಾಗುತ್ತದೆ. ಹನ್ನೊಂದು ತಿಂಗಳಿಗೆ ಹಂಚಿದರೆ ದಿನಕ್ಕೆ ಎರಡು ಯೂನಿಟ್. ಹಗಲೂ ರಾತ್ರಿ ತಿರುಗುವ ಒಂದು ಫ್ಯಾನು ತಿನ್ನುವಷ್ಟು. ಅಮೆರಿಕದವನ ಅಟ್ಟದ ಪೇಪರು ವರ್ಷ ಕಳೆದಂತೆ ಕುಸಿಯುತ್ತದೆ, ಮತ್ತೆ ದುಡ್ಡು ಕೇಳುತ್ತದೆ. ಹೊಸದುರ್ಗದವನ ಅಟ್ಟ ವರ್ಷಕ್ಕೊಮ್ಮೆ ಇಳಿದು ತಿಪಟೂರು ಮಾರುಕಟ್ಟೆಗೆ ಹೋಗಿ ದುಡ್ಡು ತರುತ್ತದೆ.

ಇಲ್ಲಿ ಪೂರ್ವಪಕ್ಷಿಗಳು ಏಳುತ್ತಾರೆ. ಅಟ್ಟ ತುಂಬುವುದು ಚಳಿದೇಶದ ಉಪಚಾರ, ಬಿಸಿಲಲ್ಲಿ ಕಂಬಳಿ ಹೊದ್ದಂತಾಗುವುದಿಲ್ಲವೇ ಎಂಬುದು ಮೊದಲ ಆಕ್ಷೇಪ. ಕಂಬಳಿಗೆ ಸ್ವಂತ ಬಿಸಿ ಇಲ್ಲ. ಅದು ಶಾಖಕ್ಕೆ ಹಾಕಿದ ಬೇಲಿ ಮಾತ್ರ, ಮೇಕೆ ಯಾವ ಕಡೆಯಿಂದ ಬಂದರೂ ಬೇಲಿ ಬೇಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸ್ಟನ್ನಿನ ಸುತ್ತಲಿನ ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಕಲ್ಕತ್ತೆಗೆ ಬಂದು ಇಳಿಯುತ್ತಿದ್ದದ್ದು ಮರದ ಹೊಟ್ಟಿನ ರಕ್ಷಣೆಯಲ್ಲಿ. ಹೊಟ್ಟು ಬಿಸಿಮಾಡುವ ವಸ್ತುವಾಗಿದ್ದರೆ ಕಲ್ಕತ್ತೆಯ ದೊರೆಗಳು ಷರಬತ್ತಿಗೆ ಬಾಸ್ಟನ್ನಿನ ಬಿಸಿನೀರು ಹಾಕಿಕೊಳ್ಳಬೇಕಾಗುತ್ತಿತ್ತು. ಕುರಿ ಕಾಯುವವರು ಮಟಮಟ ಮಧ್ಯಾಹ್ನ ಕಂಬಳಿಯ ಗೊಪ್ಪೆ ಹಾಕಿಕೊಂಡು ಬಯಲಲ್ಲಿ ನಿಲ್ಲುವುದನ್ನು ನೋಡಿದವರು ಈ ಆಕ್ಷೇಪವನ್ನು ಎತ್ತಲೇಬಾರದು.

ಎರಡನೆಯ ಆಕ್ಷೇಪ ತೂಕವುಳ್ಳದ್ದು: ಮೋಲ್ಡ್ ಮನೆಗೆ ಅಟ್ಟವೇ ಇಲ್ಲ, ಊದುವುದು ಎಲ್ಲಿಗೆ? ಅಡುಗೆಮನೆಯಲ್ಲಿ ಎರಡಡಿ ಅಗಲದ ಸಜ್ಜವೊಂದಿದೆ, ಅದರಲ್ಲಿ ತಳ ಹೋದ ಕುಕ್ಕರು, ತೊಟ್ಟಿಲು, ಗ್ಯಾರಂಟಿ ಮುಗಿದ ಮಿಕ್ಸಿಯ ಖಾಲಿ ಡಬ್ಬ, ಯಾರ ಮದುವೆಯಲ್ಲೋ ಬಂದ ಸ್ಟೀಲು ಬಿಂದಿಗೆಗಳು ಆಗಲೇ ಕೂತಿವೆ. ಇವುಗಳ ನಡುವಿನ ಗಾಳಿಯೂ ನಿಶ್ಚಲವೇ, ದಸರೆಗೊಮ್ಮೆ ಧೂಳು ಹೊಡೆಯುವವರೆಗೆ. ಆದರೆ ಸಜ್ಜದಡಿ ನಿಂತವರಿಗಷ್ಟೇ ಅದರ ಫಲ. ಆದ್ದರಿಂದ ಸಿದ್ಧಾಂತ ಇಲ್ಲಿ ಒಂದು ಮೆಟ್ಟಿಲು ಮೇಲೇರಿ ತಾರಸಿಗೆ ಹೋಗುತ್ತದೆ. ಬಿಸಿಲ ಸೀಮೆಯಲ್ಲಿ ತಡೆ ಇರಬೇಕಾದದ್ದು ಮೋಲ್ಡಿನ ಮೇಲೆಯೇ. ಕೆಳಗೆ ಹಾಕಿದರೆ ಬೆಂಕಿಯನ್ನು ಮನೆಯ ಮೇಲೆ ಕೂರಿಸಿಕೊಂಡು ಬೂದಿಯನ್ನು ತಡೆದಂತೆ. ಬೋರಲು ಹಾಕಿದ ಮಡಕೆಗಳ ಸಾಲು, ಅದರ ಮೇಲೆ ಗಾರೆ ಎಂಬುದು ದಕ್ಷಿಣದ ಹಳೆಯ ಕ್ರಮ. ಒಂದೊಂದು ಮಡಕೆಯೂ ಒಂದು ಬೊಗಸೆ ಗಾಳಿಯ ಸೆರೆಮನೆ. ಅದೂ ಆಗದಿದ್ದರೆ ತಾರಸಿಗೆ ಸುಣ್ಣ ಬಳಿಯುವುದು, ಶೀಟಿನ ಮನೆಯಾದರೆ ತೆಂಗಿನ ಗರಿ ಹೊದಿಸುವುದು. ಗರಿ ಹೊದಿಸಿದ ಮನೆಯನ್ನು ಬಡವರ ಮನೆ ಎನ್ನುತ್ತಾರೆ; ಅದೇ ಗರಿಯನ್ನು ರೆಸಾರ್ಟಿನ ಮೇಲೆ ಹೊದಿಸಿದರೆ ದಿನದ ಬಾಡಿಗೆ ಏರುತ್ತದೆ.

ಮೂರನೆಯ ಆಕ್ಷೇಪ ಇಲಿ, ಚೇಳು, ಬೆಂಕಿ. ಇದನ್ನು ಅಲ್ಲಗಳೆಯುವಂತಿಲ್ಲ, ಒಣ ಮಟ್ಟೆಗೆ ಕಿಡಿ ಬಿದ್ದರೆ ಬಿಳಿಗಾರವಿಲ್ಲದ ನಮ್ಮ ಅಟ್ಟ ನಿಲ್ಲದು. ಹಾಗೆಂದೇ ಕೊಬ್ಬರಿಯನ್ನು ವಾಸದ ಮನೆಯಿಂದ ತೋಟದ ಶೆಡ್ಡಿಗೆ ಸಾಗಿಸಿದ್ದೇವೆ ಎಂದು ಪೂರ್ವಪಕ್ಷಿ ಗೆದ್ದ ದನಿಯಲ್ಲಿ ಹೇಳುತ್ತಾನೆ. ಅವನ ಗೆಲುವಿನಲ್ಲೇ ಸಿದ್ಧಾಂತದ ಸಿದ್ಧಿ ಇದೆ. ಅಟ್ಟ ಕಿತ್ತು ಮೋಲ್ಡ್ ಹಾಕಿಸಿಕೊಂಡವನು ಏನು ಮಾಡಿದನೆಂದು ಶಾಂತಚಿತ್ತದಿಂದ ನೋಡಬೇಕು. ಬಿಸಿಲಿಗೂ ತನಗೂ ನಡುವೆ ಇದ್ದ ಹತ್ತು ಸಾವಿರ ಕಾಯಿಗಳನ್ನು ಇಳಿಸಿ, ಅವು ಒಣಗುತ್ತಿದ್ದ ಜಾಗದಲ್ಲಿ ತಾನೇ ಮಲಗಿದ. ಮೇಲೆ ಕಾದ ಚಾವಣಿ, ಸುತ್ತ ಬಿಸಿಗಾಳಿ, ಹನ್ನೊಂದು ತಿಂಗಳ ವಾಸ: ಉಂಡೆ ಕೊಬ್ಬರಿ ತಯಾರಿಯ ಎಲ್ಲ ಲಕ್ಷಣಗಳೂ ಕೂಡಿವೆ. ಒಳಗಿನ ನೀರು ಬತ್ತುತ್ತದೆ, ತಿರುಳು ಚಿಪ್ಪಿನಿಂದ ಬಿಡುತ್ತದೆ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯ ಉತ್ತರಾರ್ಧ ಇನ್ನೂ ಘಟಿಸಿಲ್ಲವಾದ್ದರಿಂದ ಅದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ. ಕೊಬ್ಬರಿಗೂ ಅವನಿಗೂ ಉಳಿದಿರುವ ವ್ಯತ್ಯಾಸ ಒಂದೇ. ಹೀಗೆ ಒಣಗಿದ ಕೊಬ್ಬರಿಗೆ ಕೇಂದ್ರ ಸರ್ಕಾರ ವರ್ಷವರ್ಷವೂ ಬೆಂಬಲ ಬೆಲೆ ಘೋಷಿಸುತ್ತದೆ.