ಕಾಲಂ ರಾಯರು

ನಮ್ಮ ಬೀದಿಯಲ್ಲಿ ಒಬ್ಬ ರಾಯರಿದ್ದಾರೆ. ಹಾಲು ತರಲು ಹೊರಟಾಗಲೂ ಅವರ ಷರ್ಟಿನ ಜೇಬಿನಲ್ಲಿ ಎರಡು ಕಪ್ಪು ಪೆನ್ನು, ಒಂದು ಪುಟ್ಟ ಗಮ್ ಬಾಟಲಿ, ಪ್ಲಾಸ್ಟಿಕ್ ಕವರಿನಲ್ಲಿ ತಮ್ಮದೇ ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೊ ಇರುತ್ತವೆ. ಯಾಕೆ ಸಾರ್ ಎಂದರೆ, “ಯಾವ ಹೊತ್ತಿಗೆ ಯಾವ ಅರ್ಜಿ ಎದುರಾಗುತ್ತೋ, ಯಾರು ಕಂಡವರು?” ಎನ್ನುತ್ತಾರೆ. ಮಗಳ ಮದುವೆಯ ಕರೆಯೋಲೆ ಕೊಡಲು ಹೋದ ಎದುರುಮನೆಯವರಿಗೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಕಲ್ಯಾಣ ಮಂಟಪದ ಪಿನ್‌ಕೋಡ್ ಕಾಲಂ ಖಾಲಿ ಬಿಟ್ಟಿದ್ದೀರಲ್ರೀ” ಎಂದರಂತೆ. ಅವತ್ತಿನಿಂದ ಅವರು ಕಾಲಂ ರಾಯರು. ಹುಡುಕಿದರೆ ನಿಮ್ಮ ಬೀದಿಯಲ್ಲೂ ಒಬ್ಬರು ಸಿಗುತ್ತಾರೆ.

ಮೂವತ್ತು ಚಿಲ್ಲರೆ ವರ್ಷ ಕಚೇರಿಯೊಂದರಲ್ಲಿ ಕೂತು, ಬಂದ ಅರ್ಜಿಗಳ ಮೇಲೆ ‘ಅಪೂರ್ಣ, ಹಿಂದಿರುಗಿಸಿದೆ’ ಎಂದು ಷರಾ ಬರೆದವರು ಅವರು. ನಿವೃತ್ತರಾದ ಮೇಲೆ, ಪ್ರಾಯಶ್ಚಿತ್ತವೋ ಚಟವೋ, ಬೀದಿಯವರ ಅರ್ಜಿಗಳನ್ನೆಲ್ಲ ತಾವೇ ತುಂಬಿಕೊಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಒಂದು ಲೋಟ ಕಾಫಿ ಕೊಟ್ಟು, ಒಂದು ಗಂಟೆ ಕಾಲ ಬಾಯಿ ಮುಚ್ಚಿಕೊಂಡು ಕೂತರೆ ಅವರ ಫೀಸು ಸಂದಾಯವಾದಂತೆ.

ನನ್ನ ಪ್ಯಾನ್ ಕಾರ್ಡಿನ ಅರ್ಜಿ ತುಂಬಿದ್ದೂ ಅವರ ಜಗಲಿಯ ಮೇಲೆಯೇ. ನಮೂನೆ 49ಎ. ಚೌಕಕ್ಕೊಂದು ಅಕ್ಷರ, ಎಲ್ಲ ದೊಡ್ಡಕ್ಷರ, ಕಪ್ಪು ಶಾಯಿ. ಅರ್ಚಕರು ಸಂಕಲ್ಪ ಮಾಡಿಸುವ ಗತ್ತಿನಲ್ಲಿ ರಾಯರು ಕನ್ನಡಕ ಏರಿಸಿದರು.

“ಲಾಸ್ಟ್ ನೇಮ್ ಹೇಳಿ.”

“ನಮ್ಮಲ್ಲಿ ಅದೆಲ್ಲ ಇಲ್ಲ ಸಾರ್. ಎರಡು ಇನಿಷಿಯಲ್ ಇದೆ.”

“ಇನಿಷಿಯಲ್ ನಡೆಯೋಲ್ಲ. ಬಿಡಿಸಿ ಹೇಳಿ.”

“ಬಿಡಿಸಿದರೆ ಒಂದು ನಮ್ಮೂರು, ಇನ್ನೊಂದು ನಮ್ಮಪ್ಪ.”

“ಇಬ್ಬರಲ್ಲಿ ಕೊನೆಗೆ ಯಾರನ್ನು ಕೂರಿಸೋಣ?”

ಉತ್ತರದವರು ಮಾಡಿದ ಫಾರ್ಮು, ದಕ್ಷಿಣದವರ ಹೆಸರು. ಈ ಜಗಳ ಮುಗಿಯುವಂಥದ್ದಲ್ಲ. ಪ್ಯಾನ್ ಎಂದರೆ ಹತ್ತು ಅಕ್ಷರ ಅಂಕಿಗಳ ಸರ. ನಾಲ್ಕನೆಯದು ನಾವು ಯಾವ ಜಾತಿಯ ತೆರಿಗೆದಾರರು ಎಂದು ಹೇಳುತ್ತದೆ. ಬಿಡಿ ಮನುಷ್ಯನಾದರೆ ‘ಪಿ’, ಕಂಪನಿಯಾದರೆ ‘ಸಿ’, ಹಿಂದೂ ಅವಿಭಕ್ತ ಕುಟುಂಬವಾದರೆ ‘ಎಚ್’. ಐದನೆಯದು ಕೊನೆಯ ಹೆಸರಿನ ಮೊದಲಕ್ಷರ. ಅರ್ಧ ಗಂಟೆ ಚರ್ಚೆಯಾಗಿ ಆ ಐದನೆಯ ಜಾಗ ನಮ್ಮಪ್ಪನಿಗೆ ಸಿಕ್ಕಿತು, ಊರು ನಡುವೆ ಇರುಕಿಕೊಂಡಿತು. ಎಡಗಡೆಯ ಫೋಟೊದ ಮೇಲೆ ಅಡ್ಡಲಾಗಿ ಸಹಿ ಹಾಕುವಾಗ ಪೆನ್ನು ನನ್ನ ಮೂಗಿನ ಮೇಲೆ ಹಾಯದಂತೆ ರಾಯರು ಉಸಿರು ಬಿಗಿಹಿಡಿದು ಕಾವಲು ಕಾದರು.

ಇಷ್ಟೆಲ್ಲ ಗಲಾಟೆಯಲ್ಲಿ ಫಾರ್ಮಿನ ನೆತ್ತಿಯ ಮೇಲಿನ ನಾಲ್ಕು ಸಣ್ಣ ಕಾಲಂಗಳನ್ನು ನಾನು ಗಮನಿಸಲೇ ಇಲ್ಲ. ಏರಿಯಾ ಕೋಡ್, ಎ.ಒ. ಟೈಪ್, ರೇಂಜ್ ಕೋಡ್, ಎ.ಒ. ನಂಬರ್. ಎ.ಒ. ಎಂದರೆ ಅಸೆಸಿಂಗ್ ಆಫೀಸರ್, ನಮ್ಮ ತೆರಿಗೆಯ ಜಾತಕ ಇರುವುದು ಅವರ ಹತ್ತಿರ. ನಾವು ಎಲ್ಲಿ ವಾಸ, ಸಂಬಳವೋ ವ್ಯಾಪಾರವೋ ಎಂಬುದರ ಮೇಲೆ ಯಾವ ವಾರ್ಡು, ಯಾವ ಸರ್ಕಲ್ಲು ಎಂದು ತೀರ್ಮಾನ. ದೆಹಲಿಯಂಥ ಊರಲ್ಲಿ ಕಂಪನಿಗಳನ್ನು ಹೆಸರಿನ ಮೊದಲಕ್ಷರ ನೋಡಿಯೂ ಹಂಚಿದ್ದುಂಟು. ರಾಯರು ಆ ನಾಲ್ಕೂ ಕಾಲಂಗಳನ್ನು ಟ್ರಂಕಿನಿಂದ ತೆಗೆದ ಒಂದು ಹಳದಿ ಹಾಳೆ ನೋಡಿ ತಟತಟನೆ ತುಂಬಿಬಿಟ್ಟರು. ಎಂಥ ಅನುಭವ ಎಂದು ನಾನು ತಲೆದೂಗಿದೆ.

ಆ ಹಳದಿ ಹಾಳೆ ಏನೆಂದು ಗೊತ್ತಾಗಲು ವರ್ಷಗಳೇ ಹಿಡಿದವು. ಹಳೆಯ ವರ್ಷವೊಂದರ ಟಿ.ಡಿ.ಎಸ್. ತಾಳೆಯಾಗದೆ ನನ್ನ ಹೆಸರಿನಲ್ಲಿ ಬಾಕಿ ತೋರಿಸುತ್ತಿತ್ತು, ರಿಫಂಡ್ ನಿಂತಿತ್ತು. ಎ.ಒ.ಗೆ ಬರೆಯಿರಿ ಎಂದರು. ಎ.ಒ. ಯಾರೆಂದು ಇಲಾಖೆಯ ಜಾಲತಾಣದಲ್ಲಿ ಪ್ಯಾನ್ ಹಾಕಿ ನೋಡಿದರೆ, ರಾತ್ರಿ ಬಸ್ಸು ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ತಲುಪುವಂಥ ಊರು! ಅಲ್ಲಿ ನನಗೆ ಮನೆಯಿಲ್ಲ, ಮಠವಿಲ್ಲ, ಸಾಲ ಕೊಟ್ಟವರೂ ಇಲ್ಲ. ಊರಿನ ಹೆಸರು ಬೇಡ, ಅಲ್ಲಿನವರ ತಪ್ಪೇನಿಲ್ಲ.

ರಾಯರ ಹತ್ತಿರ ಓಡಿದೆ. ಟ್ರಂಕು ತೆರೆಯಿತು, ಹಳದಿ ಹಾಳೆ ಬಂತು. ಅದು ಆ ಊರಿನಲ್ಲಿರುವ ಅವರ ಷಡ್ಡಕನಿಗೆ ತುಂಬಿಕೊಟ್ಟಿದ್ದ ಫಾರ್ಮಿನ ಜೆರಾಕ್ಸು. ಮಾದರಿಗೆಂದು ಇಟ್ಟುಕೊಂಡಿದ್ದರು. ನನ್ನ ಅರ್ಜಿಯಲ್ಲಿ ಹೆಸರು ನನ್ನದು, ವಿಳಾಸ ನನ್ನದು, ಎ.ಒ. ಮಾತ್ರ ಷಡ್ಡಕನವರು.

ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ರಾಯರ ಮುಖ ಹಬ್ಬದ ದಿನದಂತೆ ಅರಳಿತು. “ಭಲೆ! ಜ್ಯೂರಿಸ್‌ಡಿಕ್ಷನ್ ಕೇಸು! ಎಷ್ಟು ವರ್ಷ ಆಗಿತ್ತು ಇಂಥದ್ದು ಸಿಕ್ಕಿ!”

“ತಿದ್ದುಪಡಿ ಫಾರ್ಮು ಹಾಕಿದರೆ ಆಗೋಲ್ವೆ ಸಾರ್?”

“ಅದರಿಂದ ಹೆಸರು, ವಿಳಾಸ ತಿದ್ದಬಹುದು. ಕಾರ್ಡು ಮನೆಗೆ ಬರುತ್ತೆ, ಎ.ಒ. ಬರೋಲ್ಲ.”

“ಹಾಗಾದರೆ ಹೊಸ ಪ್ಯಾನೇ...”

ರಾಯರು ಎರಡೂ ಕಿವಿ ಮುಚ್ಚಿಕೊಂಡರು. “ಒಬ್ಬನಿಗೆ ಎರಡು ಪ್ಯಾನೇ? ಹತ್ತು ಸಾವಿರ ದಂಡ! 272ಬಿ! ಅಶುಭ ನುಡೀಬೇಡಿ.”

ಆಮೇಲೆ ಬಿಡಿಸಿ ಹೇಳಿದರು. ಇದು ಸ್ಕೂಲಿನ ಟಿ.ಸಿ. ಇದ್ದಂತೆ. ಹೊಸ ಸ್ಕೂಲಿನ ಹೆಡ್‌ಮಾಸ್ಟರು ಎಷ್ಟೇ ಒಳ್ಳೆಯವರಾಗಲಿ, ಹಳೆಯ ಸ್ಕೂಲಿನವರು ಬಿಟ್ಟುಕೊಡದೆ ಸೇರಿಸಿಕೊಳ್ಳುವ ಹಾಗಿಲ್ಲ. ಈಗಿರುವ ಎ.ಒ.ಗೆ ವಿಳಾಸದ ದಾಖಲೆಯೊಂದಿಗೆ ಅರ್ಜಿ ಕೊಡಬೇಕು, ಬರಬೇಕಾದ ವಾರ್ಡಿನವರಿಗೆ ಅದರ ಪ್ರತಿ ಕೊಡಬೇಕು. ಮೇಲಿನವರ ಒಪ್ಪಿಗೆಯಾಗಿ ಕಂಪ್ಯೂಟರಿನಲ್ಲೇ ಪ್ಯಾನು ಈ ಊರಿಗೆ ವರ್ಗವಾಗುತ್ತದೆ. ನಂಬರು ಅದೇ ಇರುತ್ತದೆ. ಇದಷ್ಟೂ ಅವರು ಹೇಳಿದ್ದು ಸರಿ. ಸರಿಯಾದದ್ದನ್ನು ಸರಿ ಎನ್ನಬೇಕು.

ಅರ್ಜಿ ಬರೆಯುವುದಕ್ಕೆ ಮೂರು ಸಂಜೆ ಹಿಡಿಯಿತು. ನಾಲ್ಕು ಸಾಲಿನಲ್ಲಿ ಮುಗಿಯುವ ವಿಷಯ ಮೂರು ಪುಟವಾಯಿತು. ಶುರುವಾದದ್ದು ನಾನು ಹುಟ್ಟಿದಲ್ಲಿಂದ. ನಡುವೆ ಆದಾಯ ತೆರಿಗೆ ಕಾಯಿದೆ, 1961ರ ಕಲಮು 124, ಕಲಮು 127 ಬಂದವು. ಎ.ಒ.ಗಳ ವ್ಯಾಪ್ತಿ, ಕೇಸುಗಳ ವರ್ಗಾವಣೆ ಎಲ್ಲ ಅದರಲ್ಲೇ ಇದೆಯಂತೆ. “ಸನ್ನಿಧಾನಕ್ಕೆ ಗೊತ್ತಿರಲಿ” ಎಂದರು ರಾಯರು. ಷಡ್ಡಕನ ವಿಷಯ ಮಾತ್ರ ‘ಕಣ್ತಪ್ಪಿನಿಂದ’ ಎಂಬ ಒಂದೇ ಪದದಲ್ಲಿ ಮುಗಿದಿತ್ತು.

ಅಂಚೆಯಲ್ಲಿ ಕಳಿಸೋಣ ಎಂದೆ. ಖುದ್ದು ಕೊಟ್ಟರೇ ತೂಕ ಎಂದರು. ರಾತ್ರಿ ಬಸ್ಸಿನಲ್ಲಿ, ನನ್ನ ಖರ್ಚಿನಲ್ಲಿ, ಇಬ್ಬರೂ ಹೊರಟೆವು. ರಾಯರು ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟು, ಫೈಲನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ನಾವು ಅಲ್ಲಿ.

ಟಪಾಲು ನೋಡುತ್ತಿದ್ದವಳು ಚಿಕ್ಕ ವಯಸ್ಸಿನ ಹುಡುಗಿ. ಮೊದಲ ಪುಟ ಓದಿದಳು. ಎರಡನೆಯದನ್ನು ಓದಿದಳು. ಮೂರನೆಯದನ್ನು ಓದಿ, ಮತ್ತೆ ಮೊದಲನೆಯದಕ್ಕೆ ಬಂದಳು. ರಾಯರು ಹೊಗಳಿಕೆಗೆ ತಯಾರಾಗಿ ಕತ್ತು ಸ್ವಲ್ಪ ಬಾಗಿಸಿದರು.

“ಎಲ್ಲಾ ಬರೆದಿದ್ದೀರಿ ಸಾರ್, ಪ್ಯಾನ್ ನಂಬರ್ ಎಲ್ಲಿ?”

ಇರಲಿಲ್ಲ. ಮೂರು ಪುಟದಲ್ಲಿ ನನ್ನ ಹುಟ್ಟೂರಿತ್ತು, ಹೋಬಳಿ ತಾಲ್ಲೂಕುಗಳಿದ್ದವು, ನಮ್ಮಪ್ಪನಿದ್ದರು, ಎರಡು ಕಲಮುಗಳಿದ್ದವು. ಆ ಹತ್ತು ಅಕ್ಷರ ಮಾತ್ರ ಎಲ್ಲೂ ಇರಲಿಲ್ಲ. ಹುಡುಗಿ ಪೆನ್ಸಿಲಿನಲ್ಲಿ ಅರ್ಜಿಯ ಮೂಲೆಯಲ್ಲಿ ಏನೋ ಗೀಚಿ ಹಿಂದಕ್ಕೆ ಕೊಟ್ಟಳು. ರಾಯರ ಹೆಗಲ ಮೇಲಿಂದ ಇಣುಕಿದೆ. ‘ಅಪೂರ್ಣ’ ಎಂದಿತ್ತು. ಮೂವತ್ತು ವರ್ಷ ತಾವು ಬರೆದ ಪದವನ್ನು ಅವರು ಇನ್ನೊಬ್ಬರ ಅಕ್ಷರದಲ್ಲಿ ನೋಡಿದ್ದು ಅದೇ ಮೊದಲಿರಬೇಕು. ಬಹಳ ಹೊತ್ತು ನೋಡಿದರು.

ಕಚೇರಿಯೆದುರಿನ ಟೀ ಅಂಗಡಿಯಲ್ಲಿ ನಾನೇ ಒಂದು ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದುಕೊಟ್ಟೆ. ಅದಕ್ಕೆ ಸೀಲು ಬಿತ್ತು. ವಾಪಸು ಬರುವಾಗ ರಾಯರು ಅರ್ಧ ದಾರಿ ಮಾತಾಡಲಿಲ್ಲ. ಊಟಕ್ಕೆ ಬಸ್ಸು ನಿಂತಾಗ, “ನಿಮ್ಮ ಅರ್ಜಿಯಲ್ಲಿ ‘ಉಲ್ಲೇಖ’ ಇರಲಿಲ್ಲ” ಎಂದು ಮಾತ್ರ ಹೇಳಿದರು.

ಮುಂದೆ ಕೆಲವು ವಾರಗಳಲ್ಲಿ ನನ್ನ ಎ.ಒ. ಸದ್ದಿಲ್ಲದೆ ಈ ಊರಿಗೆ ಬಂದರು. ರಿಫಂಡೂ ಬಂತು. ಬಸ್ ಚಾರ್ಜು ಕಳೆದರೆ ಒಂದು ಮಸಾಲೆ ದೋಸೆಯಷ್ಟು ಉಳಿಯಿತು, ಅದನ್ನು ರಾಯರಿಗೇ ತಿನ್ನಿಸಿದೆ.

ಮೊನ್ನೆ ಮೂಲೆಮನೆಯ ಹುಡುಗಿ ಪ್ಯಾನ್ ಮಾಡಿಸಬೇಕೆಂದಾಗ ರಾಯರು ಪೆನ್ನಿನ ಮುಚ್ಚಳ ತೆಗೆದು ಸಿದ್ಧರಾದರು. ಆಕೆ ಜಗಲಿಯ ಮೇಲೆ ನಿಂತಲ್ಲೇ ಫೋನಿನಲ್ಲಿ ಆಧಾರ್ ನಂಬರು ಒತ್ತಿದಳು, ಒ.ಟಿ.ಪಿ. ಹಾಕಿದಳು, ಕಾಫಿ ಆರುವಷ್ಟರಲ್ಲಿ ಇ-ಪ್ಯಾನ್ ಬಂದೇಬಿಟ್ಟಿತು. ಕಾಸೂ ಖರ್ಚಿಲ್ಲ. ರಾಯರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ಎ.ಒ. ಕೋಡ್ ಯಾರು ತುಂಬಿದರಮ್ಮಾ?” ಎಂದರು. “ಅದೇ ತುಂಬಿಕೊಳ್ಳುತ್ತೆ ಅಂಕಲ್” ಎಂದಳು. ಅವತ್ತು ರಾಯರು ಕಾಫಿ ಪೂರ್ತಿ ಕುಡಿಯಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಎ.ಒ. ಯಾವ ಊರಿನಲ್ಲಿದ್ದಾರೆಂದು ಒಮ್ಮೆ ನೋಡಿಕೊಳ್ಳಿ. ಬೇರೆ ಊರಾಗಿದ್ದರೆ ದಯವಿಟ್ಟು ನಮ್ಮ ರಾಯರ ಹತ್ತಿರ ಬನ್ನಿ, ಈಗ ಅವರಿಗೆ ಬಿಡುವಿದೆ. ಪ್ಯಾನ್ ನಂಬರನ್ನು ಮಾತ್ರ ನೀವೇ ಬರೆದುಕೊಳ್ಳಿ.