ಪದಮಿತಿ ಮೀಮಾಂಸೆ, ಅರ್ಥಾತ್ ಪದಗಳ ಅವಿನಾಶಿತ್ವ ವಿಚಾರ

ಸಂಶೋಧನ ಪತ್ರಿಕೆಗಳು ವಿಧಿಸುವ ಪದಮಿತಿಯಿಂದ ಲೋಕದಲ್ಲಿ ಪದಗಳು ಕಡಿಮೆಯಾಗುತ್ತವೆ ಎಂಬುದು ಪೂರ್ವಪಕ್ಷ. ಅದು ಅಗ್ರಾಹ್ಯ. ಪದಕ್ಕೆ ನಾಶವಿಲ್ಲ, ಹೊರದಬ್ಬಿದರೆ ಬೇರೆಡೆ ಬಾಡಿಗೆ ಮನೆ ಹಿಡಿಯುತ್ತದೆ. ಇದು ನಮ್ಮ ಸಿದ್ಧಾಂತ.

ಪ್ರಮಾಣ ಬೇಕೇ? 'ಜಾಮಾ' ವೈದ್ಯಕೀಯ ಪತ್ರಿಕೆ ಮೂಲ ಸಂಶೋಧನೆಗೆ 3000 ಪದಗಳನ್ನು ಕೊಡುತ್ತದೆ. ಸಾರಾಂಶ, ಕೋಷ್ಟಕ, ಚಿತ್ರ, ಕೃತಜ್ಞತೆ, ಉಲ್ಲೇಖಪಟ್ಟಿ ಎಣಿಕೆಗೆ ಸೇರವು. ಇಂಥ ವಿನಾಯಿತಿ ಇದ್ದಲ್ಲೆಲ್ಲ ಕೋಷ್ಟಕದಡಿಯ ಟಿಪ್ಪಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಿಕ್ಕ ಸಂಸಾರ 'ಪೂರಕ ಸಾಮಗ್ರಿ' ಎಂಬ ಹೊಸ ಬಡಾವಣೆಗೆ ಸಾಗುತ್ತದೆ. ಅಲ್ಲಿ ಓದುಗರ ಓಡಾಟ ಕಮ್ಮಿ.

'ಫಿಸಿಕಲ್ ರಿವ್ಯೂ ಲೆಟರ್ಸ್'ನವರು ಮಾತ್ರ ಬಲು ಬಿಗಿ. ಬಹುಕಾಲ 3750 ಪದಗಳ ಗೆರೆ ಎಳೆದು, ಸಮೀಕರಣದ ಒಂದು ಸಾಲಿಗೆ 16 ಪದವೆಂದೂ, ಚಿತ್ರಕ್ಕೆ ಅದರ ಅಗಲ–ಎತ್ತರ ನೋಡಿ ಇಂತಿಷ್ಟೆಂದೂ ಸುಂಕ ಕಟ್ಟಿದರು. ಗಿಡ್ಡ ಚಿತ್ರಕ್ಕೆ ಸುಂಕ ಕಡಿಮೆ. ಕೆಲವು ಗ್ರಾಫುಗಳ ಶಿಖರಗಳು ತಲೆ ತಗ್ಗಿಸಿ ಕೂತಿರುವುದಕ್ಕೆ ಭೌತಶಾಸ್ತ್ರದಲ್ಲಿ ಕಾರಣ ಹುಡುಕಬಾರದು.

ಕನ್ನಡಿಗನಿಗೆ ಇನ್ನೊಂದು ಕಳ್ಳದಾರಿಯಿದೆ. ಎಣಿಸುವ ಸಾಫ್ಟ್‌ವೇರ್ ನೋಡುವುದು ನಡುವಿನ ಖಾಲಿ ಜಾಗವನ್ನಷ್ಟೆ. ಬಿಡಿಸಿ ಬರೆಯುವ ಸಜ್ಜನನಿಗೆ ದಂಡ, ಬೆಸೆದು ಬರೆಯುವವನಿಗೆ ರಿಯಾಯಿತಿ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಪ್ರಕರಣವನ್ನೇ ಮೊದಲಿಗಿಟ್ಟದ್ದು ದೂರದೃಷ್ಟಿಯಿಂದ ಎಂದು ನಮ್ಮ ಊಹೆ, ಪಂಡಿತರು ಒಪ್ಪಲಿಕ್ಕಿಲ್ಲ. ಪದಮಿತಿಭೀತಲೇಖಕಸಮುದಾಯಹಿತಾರ್ಥವಾಗಿ ಇಷ್ಟು ಸಾಕು.

ಆಕ್ಷೇಪ: 1966ರಲ್ಲಿ ಲ್ಯಾಂಡರ್ ಮತ್ತು ಪಾರ್ಕಿನ್ ಗಣಿತಜ್ಞ ಆಯ್ಲರನ ಊಹೆಯೊಂದನ್ನು ಎರಡೇ ವಾಕ್ಯಗಳ ಲೇಖನದಲ್ಲಿ ಉರುಳಿಸಿದರಲ್ಲ, ಉಳಿದ ಪದಗಳೆಲ್ಲಿ? ಸಮಾಧಾನ: ಹುಡುಕಾಟದ ಹೊರೆ ಹೊತ್ತದ್ದು ಸಿಡಿಸಿ 6600 ಕಂಪ್ಯೂಟರ್. ಯಂತ್ರದ ಗೊಣಗಾಟವನ್ನು ಯಾರೂ ಎಣಿಸುವುದಿಲ್ಲ.

ಪ್ರತಿವಾದಿಗಳ ಬ್ರಹ್ಮಾಸ್ತ್ರ 1974ರದ್ದು. ಬರೆಯಲು ಕೂತರೆ ಏನೂ ತೋಚದ ತನ್ನ ವ್ಯಾಧಿಗೆ ತಾನೇ ಮದ್ದು ಮಾಡಿಕೊಳ್ಳಹೋಗಿ ಸೋತ ಬಗ್ಗೆ ಮನೋವಿಜ್ಞಾನಿ ಡೆನಿಸ್ ಅಪ್ಪರ್ 'ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್'ನಲ್ಲಿ ಲೇಖನ ಪ್ರಕಟಿಸಿದ. ಶೀರ್ಷಿಕೆಯ ಕೆಳಗೆ ಬರೀ ಖಾಲಿ. ಶೂನ್ಯ ಪದ! ಆದರೆ ಅದೇ ಪುಟದ ಅಡಿಯಲ್ಲಿ ಪರಿಶೀಲಕನ ಷರಾ ಅಚ್ಚಾಗಿದೆ: ನಿಂಬೆರಸ ಸವರಿ, ಎಕ್ಸ್‌ರೇ ಹಿಡಿದು ನೋಡಿದರೂ ದೋಷ ಸಿಗಲಿಲ್ಲವೆಂದೂ, ತಿದ್ದುಪಡಿಯಿಲ್ಲದೆ ಪ್ರಕಟಿಸಬಹುದೆಂದೂ ಆತ ಒಂದು ಪ್ಯಾರಾ ಬರೆದಿದ್ದಾನೆ. ಲೇಖಕನ ಮನೆಯಲ್ಲಿ ಕಾಣದ ಪದಗಳು ಪರಿಶೀಲಕನ ಜಗಲಿಯಲ್ಲಿ ಸಿಕ್ಕವು.